ಗಿಡದ ಹೆಸರು, ಲ್ಯಾಟಿನ್ ಗೋಳು: ಪದೇ ಪದೇ ಕೇಳುವ ಪ್ರಶ್ನೆಗಳು

ಸಸ್ಯಶಾಸ್ತ್ರ ಕಲಿಸುವ ಕೆಲಸದಿಂದ ನಿವೃತ್ತನಾದರೂ ಪ್ರಶ್ನೆಗಳು ನಿವೃತ್ತಿ ಕೊಟ್ಟಿಲ್ಲ. ಕಾಡು ಸುತ್ತುವಾಗ, ಮದುವೆ ಮನೆಯ ಊಟದ ಸಾಲಿನಲ್ಲಿ, ಕಾಗದದಲ್ಲಿ, ಫೋನಿನಲ್ಲಿ ಜನ ಕೇಳುತ್ತಲೇ ಇರುತ್ತಾರೆ. ಹೆಚ್ಚು ಸಲ ಬಂದವನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ತಲೆ ತಿನ್ನುವುದು ಆಮೇಲೆ.

## ಮೊದಲ ಪರಿಚಯಕ್ಕೆ

ಕನ್ನಡದಲ್ಲಿ ಚೆನ್ನಾಗಿರೋ ಹೆಸರು ಇದೆಯಲ್ಲ ಸರ್, ಮತ್ತೆ ಈ ಲ್ಯಾಟಿನ್ ಯಾಕೆ?

ಕನ್ನಡದ ಹೆಸರು ಬೇಡ ಅಂತ ಯಾರೂ ಹೇಳುವುದಿಲ್ಲ. ತೊಂದರೆ ಬೇರೆ ಕಡೆ ಇದೆ. ಒಮ್ಮೆ ಒಂದು ನರ್ಸರಿಯಲ್ಲಿ ಬ್ರಾಹ್ಮಿ ಕೇಳಿದೆ. ಕೊಟ್ಟಿದ್ದು ಒಂದೆಲಗ. ಅವರ ತಪ್ಪಲ್ಲ, ಅವರ ಊರಿನಲ್ಲಿ ಅದೇ ಬ್ರಾಹ್ಮಿ. ನನಗೆ ಬೇಕಿದ್ದದ್ದು ನೀರುಬ್ರಾಹ್ಮಿ. ಒಂದೆಲಗ, ಅಂದರೆ ಸೆಂಟೆಲ್ಲಾ ಏಷಿಯಾಟಿಕಾ, ಕೊತ್ತಂಬರಿಯ ಕುಟುಂಬದ್ದು. ನೀರುಬ್ರಾಹ್ಮಿ, ಅಂದರೆ ಬಕೋಪಾ ಮೊನ್ನಿಯೇರಿ, ಅದಕ್ಕೆ ಯಾವ ರೀತಿಯಲ್ಲೂ ನೆಂಟನಲ್ಲ. ತಂಬುಳಿಗೆ ಎರಡರಲ್ಲಿ ಯಾವುದಾದರೂ ನಡೆದೀತು. ಔಷಧಿಗೆ ನಡೆಯುತ್ತದಾ?

ಇನ್ನೊಂದು, ಸವಣೂರಿನ ದೊಡ್ಡಹುಣಸೆ ಮರಗಳು. ನೋಡಿದವರಿಗೆ ಗೊತ್ತು, ಆನೆಗಿಂತ ದಪ್ಪ ಕಾಂಡ. ಹೆಸರಿನಲ್ಲಿ ಹುಣಸೆ ಇದೆ, ಮರ ಹುಣಸೆಯಲ್ಲ. ಅದು ಆಫ್ರಿಕಾದ ಬಾವೊಬಾಬ್, ಅಡನ್ಸೋನಿಯಾ ಡಿಜಿಟಾಟಾ. ಬೂರುಗದ ನೆಂಟ. ಕಾಯಿಯ ತಿರುಳು ಹುಳಿ ಇರುವುದರಿಂದ ಹುಣಸೆ ಅಂದರು. ಹೆಸರಿಟ್ಟವರ ನಾಲಿಗೆ ಚುರುಕಾಗೇ ಇತ್ತು. ಆದರೆ ಆ ಹೆಸರು ಹಿಡಿದು ಕೆನ್ಯಾದವರ ಜೊತೆ ಮಾತಾಡಲು ಆಗುವುದಿಲ್ಲ. ಲ್ಯಾಟಿನ್ ಹೆಸರಿನ ಉಪಯೋಗ ಅಷ್ಟೇ: ಒಂದು ಗಿಡ, ಜಗತ್ತಿಗೆಲ್ಲ ಒಂದು ಹೆಸರು.

ಎರಡು ಪದ ಯಾಕೆ? ಒಂದೇ ಸಾಕಲ್ವಾ?

ನಮ್ಮ ಹಳ್ಳಿಯವರನ್ನೇ ಕೇಳಿ. ಹಲಸು, ಹೆಬ್ಬಲಸು, ದೀವಿಹಲಸು. ಮತ್ತಿ, ಹೊಳೆಮತ್ತಿ. ಒಂದು ಪದ ಗುಂಪನ್ನು ಹೇಳುತ್ತದೆ, ಅದಕ್ಕೆ ಅಂಟಿಸಿದ ಇನ್ನೊಂದು ಪದ ಆ ಗುಂಪಿನಲ್ಲಿ ಯಾವುದು ಅಂತ ಹೇಳುತ್ತದೆ. ಲ್ಯಾಟಿನ್ ಹೆಸರೂ ಇದೇ ಕ್ರಮ, ಪದಗಳು ಮಾತ್ರ ಹಿಂದುಮುಂದು. ಆರ್ಟೋಕಾರ್ಪಸ್ ಅಂದರೆ ಹಲಸಿನ ಕುಲ. ಆರ್ಟೋಕಾರ್ಪಸ್ ಹೆಟೆರೋಫಿಲಸ್ ನಮ್ಮ ಹಲಸು, ಆರ್ಟೋಕಾರ್ಪಸ್ ಹಿರ್ಸೂಟಸ್ ಹೆಬ್ಬಲಸು, ಆರ್ಟೋಕಾರ್ಪಸ್ ಆಲ್ಟಿಲಿಸ್ ದೀವಿಹಲಸು. ಮೂರನ್ನೂ ಒಂದೇ ಗುಂಪಿಗೆ ಸೇರಿಸಿದ್ದು ನಮ್ಮ ಅಜ್ಜಂದಿರು, ಪುಸ್ತಕ ನೋಡಿ ಅಲ್ಲ. ಎಲ್ಲ ಕಡೆ ಹೀಗೆ ಹೊಂದುವುದಿಲ್ಲ ಅನ್ನುವುದೂ ನಿಜ. ಮತ್ತಿ, ತಾರೆ, ಅಳಲೆ ಮೂರೂ ಟರ್ಮಿನಾಲಿಯಾ ಕುಲದವೇ. ಆದರೆ ತಾರೆ, ಅಳಲೆ ಔಷಧಿಗೆ ಬೇಕಾದ ಕಾಯಿ ಕೊಡುತ್ತವೆ, ಅದಕ್ಕೇ ಇರಬೇಕು ಅವಕ್ಕೆ ಸ್ವಂತ ಹೆಸರು.

ಯುರೋಪಿನಲ್ಲಿ ಮೊದಲು ಹೆಸರು ಅಂದರೆ ಒಂದು ಇಡೀ ವಾಕ್ಯ. ಟೊಮೆಟೊ ಗಿಡಕ್ಕೆ 'ಮುಳ್ಳಿಲ್ಲದ ಮೆತ್ತನೆ ಕಾಂಡದ, ಗರಿಯಂತೆ ಸೀಳಿದ ಎಲೆಯ ಸೊಲಾನಮ್' ಎಂಬಷ್ಟು ಉದ್ದ. ಸ್ವೀಡನ್ನಿನ ಕಾರ್ಲ್ ಲಿನೇಯಸ್ 1753ರಲ್ಲಿ ಆಗ ಗೊತ್ತಿದ್ದ ಗಿಡಗಳಿಗೆಲ್ಲ ಎರಡೆರಡು ಪದದ ಹೆಸರು ಹಚ್ಚಿದ. ಉದ್ದದ ವಾಕ್ಯವೇ ನಿಜವಾದ ಹೆಸರು, ಈ ಎರಡು ಪದ ಸುಮ್ನೆ ಅನುಕೂಲಕ್ಕೆ ಅಂತ ಅವನ ಲೆಕ್ಕ. ಜನ ಅನುಕೂಲವನ್ನೇ ಹಿಡಿದುಕೊಂಡರು. ಈಗಲೂ ಗಿಡದ ಹೆಸರುಗಳ ಕಾಲಗಣನೆ ಶುರುವಾಗುವುದು 1753ರ ಮೇ 1ರಿಂದ.

ಕುಲ, ಜಾತಿ, ಪ್ರಭೇದ... ಒಂದೊಂದು ಪುಸ್ತಕದಲ್ಲಿ ಒಂದೊಂದು ಇದೆ, ಯಾವುದು ಸರಿ?

ಕನ್ನಡ ಪಠ್ಯಗಳು ಇದರಲ್ಲಿ ಒಮ್ಮತಕ್ಕೆ ಬಂದೇ ಇಲ್ಲ. ನಾನು ಮೊದಲ ಪದಕ್ಕೆ ಕುಲ, ಎರಡೂ ಸೇರಿ ಸೂಚಿಸುವ ಗಿಡಕ್ಕೆ ಪ್ರಭೇದ ಅನ್ನುತ್ತೇನೆ. ಕುಲಗಳು ಸೇರಿ ಕುಟುಂಬ, ಕುಟುಂಬಗಳು ಸೇರಿ ಗಣ. 'ಜಾತಿ' ಪದವನ್ನು ಕೆಲವರು ಕುಲಕ್ಕೆ ಬಳಸುತ್ತಾರೆ, ಕೆಲವರು ಪ್ರಭೇದಕ್ಕೆ. ಅದಕ್ಕೇ ನಾನು ಆ ಪದದ ಸಹವಾಸ ಬಿಟ್ಟಿದ್ದೇನೆ.

ಇವೆಲ್ಲ ಪೂರ್ತಿ ಲ್ಯಾಟಿನ್ ಪದಗಳಾ? ನಮ್ಮ ಕಡೆಯ ಪದ ಒಂದೂ ಇಲ್ವಾ?

ಬೇಕಾದಷ್ಟಿವೆ. ವ್ಯಾಕರಣ ಲ್ಯಾಟಿನ್ನಿನದು, ಪದ ಎಲ್ಲಿಯದಾದರೂ ಆಗಬಹುದು. ಅಡಿಕೆ ಮರ ಅರೆಕಾ ಕಟೆಚು. ಅರೆಕಾ ಬಂದದ್ದು ಮಲಯಾಳದ ಅಡಕ್ಕದಿಂದ, ಅದು ನಮ್ಮ ಅಡಿಕೆಯ ಒಡಹುಟ್ಟು. ವೀಳ್ಯದೆಲೆ ಪೈಪರ್ ಬೀಟ್ಲೆ, ಅದರಲ್ಲಿರುವುದು ವೆಟ್ಟಿಲ. ಸಂಪಿಗೆ ಮ್ಯಾಗ್ನೋಲಿಯಾ ಚಂಪಕಾ, ವಿವರಣೆ ಬೇಕಿಲ್ಲ. ರಾಗಿಯದು ಇನ್ನೂ ಮಜಾ. ಎಲ್ಯೂಸಿನೆ ಕೊರಕಾನಾ ಎಂಬ ಹೆಸರಿನ ಮೊದಲರ್ಧ ಗ್ರೀಕರ ಧಾನ್ಯದೇವತೆಯ ಊರು ಎಲ್ಯೂಸಿಸ್, ಎರಡನೆಯದು ಸಿಂಹಳದ ಕುರಕ್ಕನ್. ಮುದ್ದೆ ನುಂಗುವಾಗ ಗ್ರೀಸೂ ಶ್ರೀಲಂಕಾವೂ ಒಟ್ಟಿಗೆ ಒಳಗೆ ಹೋಗುತ್ತವೆ.

ಮಲಬಾರಿನ ಪದ ಇಷ್ಟೊಂದು ಹೇಗೆ ಸೇರಿದವು ಅಂದರೆ, ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್ ಮಾಡಿಸಿದ 'ಹೊರ್ಟಸ್ ಮಲಬಾರಿಕಸ್' ಎಂಬ 12 ಸಂಪುಟಗಳಿಂದ. 1678ರಿಂದ 1693ರವರೆಗೆ ಆಮ್‌ಸ್ಟರ್‌ಡಾಮಿನಲ್ಲಿ ಅಚ್ಚಾದವು. ಗಿಡ ತೋರಿಸಿ ಹೆಸರು ಹೇಳಿದವರು ಇಟ್ಟಿ ಅಚ್ಯುದನ್ ಎಂಬ ವೈದ್ಯ ಮತ್ತು ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್ ಎಂಬ ಮೂವರು ಕೊಂಕಣಿಗರು. ಭಾರತಕ್ಕೆ ಒಮ್ಮೆಯೂ ಕಾಲಿಡದ ಲಿನೇಯಸ್‌ಗೆ ಇಲ್ಲಿನ ಗಿಡಗಳ ವಿಷಯದಲ್ಲಿ ಇದೇ ದೊಡ್ಡ ಆಧಾರ.

ಹೆಸರಿನ ಕೊನೆಯಲ್ಲಿ 'ಎಲ್.' ಅಂತ ಒಂದು ಅಕ್ಷರ ಇರುತ್ತಲ್ಲ, ಅದೇನು?

ಹೆಸರು ಪ್ರಕಟಿಸಿದವರ ಗುರುತು. ಎಲ್ ಅಂದರೆ ಲಿನೇಯಸ್. ತೇಗದ ಮುಂದೆ 'ಎಲ್.ಎಫ್.' ಇರುತ್ತದೆ, ಅದು ಅವನ ಮಗ. ಹೊನ್ನೆಯ ಮುಂದಿನ 'ರಾಕ್ಸ್‌ಬ್.' ಕಲ್ಕತ್ತೆಯ ಸಸ್ಯೋದ್ಯಾನ ನೋಡಿಕೊಂಡಿದ್ದ ವಿಲಿಯಂ ರಾಕ್ಸ್‌ಬರ್ಗ್. ರಾಗಿಯ ಮುಂದೆ ಕಂಸದಲ್ಲಿ ಎಲ್, ಹೊರಗೆ 'ಗೇರ್ಟ್ನ್.' ಇದೆ. ಲಿನೇಯಸ್ ಅದನ್ನು ಬೇರೆ ಕುಲದಲ್ಲಿಟ್ಟಿದ್ದ, ಗೇರ್ಟ್ನರ್ ಈಗಿನ ಕುಲಕ್ಕೆ ತಂದ ಅಂತ ಅರ್ಥ. ಒಂದು ಕಂಸದಲ್ಲಿ ಒಂದು ಗಿಡದ ಮನೆ ಬದಲಾದ ಕಥೆ. ದಿನದ ಮಾತಿಗೆ ಇದು ಬೇಕಿಲ್ಲ, ಬಿಟ್ಟುಬಿಡಿ.

ಇವನ್ನ ಉಚ್ಚರಿಸೋದು ಹೇಗೆ? ತಪ್ಪಾದರೆ ನಗ್ತಾರೆ.

ನಗುವವರೂ ಅವರ ಊರಿನ ಉಚ್ಚಾರಣೆಯನ್ನೇ ಹೇಳುತ್ತಿರುತ್ತಾರೆ. ಉಚ್ಚಾರಣೆಗೆ ಕಾನೂನಿಲ್ಲ, ಕಾಗುಣಿತಕ್ಕಿದೆ. ಧೈರ್ಯವಾಗಿ ಹೇಳಿ.

ಶಾಲೆಯ ತೋಟಕ್ಕೆ ಬೋರ್ಡ್ ಬರೆಸಬೇಕು, ವೈಜ್ಞಾನಿಕ ಹೆಸರನ್ನ ಕನ್ನಡದಲ್ಲೇ ಬರೆದರೆ ಆಗುತ್ತಾ?

ಓದಲು ಕನ್ನಡ ಲಿಪಿ ಒಳ್ಳೆಯದು, ಇಲ್ಲಿ ನಾನೂ ಹಾಗೇ ಮಾಡಿದ್ದೇನೆ. ಬೋರ್ಡಿನಲ್ಲಿ ಮಾತ್ರ ಕೆಳಗೆ ರೋಮನ್ ಲಿಪಿಯಲ್ಲೂ ಒಮ್ಮೆ ಬರೆಸಿ. ಕಾರಣ ಇದೆ. ಕುಲದ ಮೊದಲ ಅಕ್ಷರ ದೊಡ್ಡದು, ಎರಡನೇ ಪದ ಪೂರ್ತಿ ಸಣ್ಣ ಅಕ್ಷರ, ಎರಡೂ ಓರೆಯಾಗಿ ಅನ್ನುವುದು ರೂಢಿ. ಕನ್ನಡದಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಇಲ್ಲ. 'ಫಿಲಸ್' ನೋಡಿ ಮೂಲ ಕಾಗುಣಿತ ಊಹಿಸುವುದೂ ಕಷ್ಟ. ಮತ್ತೆ, ಬೋರ್ಡಿನ ಮೊದಲ ಸಾಲು ಊರಿನವರು ಕರೆಯುವ ಹೆಸರೇ ಆಗಿರಲಿ. ಲ್ಯಾಟಿನ್ ಮೇಲೆ, ಕನ್ನಡ ಕೆಳಗೆ ಇರುವ ಬೋರ್ಡ್ ಕಂಡರೆ ನನಗೆ ಸಿಟ್ಟು ಬರುತ್ತದೆ.

## ಸ್ವಲ್ಪ ಒಳಗೆ ಹೋದರೆ

ಹುಣಸೆ ಮೂಲ ಆಫ್ರಿಕಾ ಅಂತೀರಿ. ಹೆಸರು ನೋಡಿದ್ರೆ 'ಇಂಡಿಕಾ'. ತಿದ್ದಬಾರದಾ?

ತಿದ್ದುವಂತಿಲ್ಲ. ಟಮಾರಿಂಡಸ್ ಇಂಡಿಕಾ ಎಂಬ ಹೆಸರಿನಲ್ಲಿ ತಪ್ಪು ಎರಡು ಸಲ ಇದೆ. ಟಮಾರಿಂಡಸ್ ಬಂದದ್ದೇ ಅರಬ್ಬರ 'ತಮರ್ ಹಿಂದಿ', ಅಂದರೆ ಹಿಂದೂಸ್ತಾನದ ಖರ್ಜೂರ ಎಂಬುದರಿಂದ. ಅದರ ಮೇಲೆ ಮತ್ತೊಂದು ಇಂಡಿಕಾ. ಮರ ಖರ್ಜೂರವೂ ಅಲ್ಲ, ಮೂಲತಃ ಇಲ್ಲಿಯದೂ ಅಲ್ಲ.

ಆದರೆ ಹೆಸರು ಇರುವುದು ಗಿಡವನ್ನು ವರ್ಣಿಸಲಿಕ್ಕಲ್ಲ, ಗುರುತಿಸಲಿಕ್ಕೆ. ಕರಿಯಪ್ಪ ಅನ್ನುವವರು ಬೆಳ್ಳಗಿದ್ದರೆ ಯಾರಾದರೂ ಹೆಸರು ಬದಲಾಯಿಸಿಕೊಳ್ಳಿ ಅಂತಾರಾ? ಅರ್ಥ ಸರಿಯಿಲ್ಲ ಅಂತ ಹೆಸರು ತಿದ್ದುತ್ತಾ ಹೋದರೆ ಪ್ರತಿ ತಲೆಮಾರಿಗೂ ಹೊಸ ಪುಸ್ತಕ ಬೇಕಾಗುತ್ತದೆ. ನಿಯಮ ಇಷ್ಟೇ: ಅರ್ಥ ತಪ್ಪಾಗಿದೆ ಅನ್ನುವುದು ಹೆಸರು ಬಿಡಲು ಕಾರಣವಲ್ಲ.

ನಾವು ಓದುವಾಗ ತುಳಸಿ 'ಓಸಿಮಮ್ ಸ್ಯಾಂಕ್ಟಮ್'. ಮಗಳ ಪುಸ್ತಕದಲ್ಲಿ 'ಟೆನುಯಿಫ್ಲೋರಮ್'. ಯಾವಾಗ ಬದಲಾಯಿತು?

ಲಿನೇಯಸ್ ಒಂದೇ ಗಿಡಕ್ಕೆ ಎರಡು ಸಲ ಹೆಸರಿಟ್ಟುಬಿಟ್ಟಿದ್ದ. 1753ರಲ್ಲಿ ಓಸಿಮಮ್ ಟೆನುಯಿಫ್ಲೋರಮ್, 1767ರಲ್ಲಿ ಓಸಿಮಮ್ ಸ್ಯಾಂಕ್ಟಮ್. ಎರಡು ಬೇರೆ ಗಿಡ ಅಂತ ಅವನು ತಿಳಿದಿದ್ದ. ಎರಡೂ ತುಳಸಿಯೇ ಅಂತ ಆಮೇಲೆ ಗೊತ್ತಾಯಿತು. ಆಗ ಹಳೆಯ ಹೆಸರಿಗೇ ಹಕ್ಕು. ಇದಕ್ಕೆ ಮೊದಲಿಗರ ಹಕ್ಕು ಅನ್ನೋಣ. ಬಸ್ಸಿನಲ್ಲಿ ಟವೆಲ್ ಹಾಕಿ ಸೀಟು ಹಿಡಿದ ಹಾಗೆ.

ಸ್ಯಾಂಕ್ಟಮ್ ಅಂದರೆ ಪವಿತ್ರ, ಟೆನುಯಿಫ್ಲೋರಮ್ ಅಂದರೆ ಸಣಕಲು ಹೂವಿನದು. ತುಳಸಿ ಕಟ್ಟೆಯ ಮುಂದೆ ನಿಂತರೆ ಮೊದಲನೆಯದೇ ಚೆಂದ ಅನ್ನಿಸುತ್ತದೆ, ಒಪ್ಪುತ್ತೇನೆ. ಆದರೆ ಟವೆಲ್ ಬಿದ್ದಾಗಿದೆ.

ಹೊಂಗೆಗೆ ಪೊಂಗಾಮಿಯಾ, ಡೆರಿಸ್, ಮಿಲೆಟ್ಟಿಯಾ... ಮೂರೂ ಕೇಳಿದ್ದೇನೆ. ಯಾರನ್ನ ನಂಬೋದು?

ಇಲ್ಲಿ ಎರಡು ಕೆಲಸಗಳನ್ನು ಬೇರೆ ಮಾಡಿ ನೋಡಬೇಕು. ಒಂದು ಹೆಸರಿಡುವುದು, ಅದಕ್ಕೆ ಕಟ್ಟುನಿಟ್ಟಿನ ನಿಯಮ ಇದೆ. ಇನ್ನೊಂದು ಗುಂಪು ಮಾಡುವುದು. ಅದು ಅಭಿಪ್ರಾಯ, ಪುರಾವೆ ಇರುವ ಅಭಿಪ್ರಾಯ. ಬಹಳ ಜನ ಎರಡನ್ನೂ ಕಲಸಿಕೊಂಡು 'ವಿಜ್ಞಾನಿಗಳಿಗೇ ಗೊತ್ತಿಲ್ಲ' ಅಂದುಬಿಡುತ್ತಾರೆ.

ಹೊಂಗೆಯನ್ನು ಲಿನೇಯಸ್ 1753ರಲ್ಲಿ ಸೈಟಿಸಸ್ ಪಿನ್ನಾಟಸ್ ಅಂದ. ಆಮೇಲೆ ಒಬ್ಬರು ಇದು ಸೈಟಿಸಸ್ ಅಲ್ಲ, ಇದಕ್ಕೇ ಒಂದು ಕುಲ ಇರಲಿ ಅಂದರು. ಪೊಂಗಾಮಿಯಾ ಪಿನ್ನಾಟಾ ಆಯಿತು. ಇನ್ನೊಬ್ಬರು ಮಿಲೆಟ್ಟಿಯಾ ಕುಲಕ್ಕೂ ಇದಕ್ಕೂ ಅಂಥ ವ್ಯತ್ಯಾಸ ಇಲ್ಲ ಅಂದರು. ಮಿಲೆಟ್ಟಿಯಾ ಪಿನ್ನಾಟಾ ಆಯಿತು. ಕುಲ ಬದಲಾದರೂ 'ಪಿನ್ನಾಟ' ಜೊತೆಗೇ ಬರುತ್ತಿದೆ, ನೋಡಿದಿರಾ? ಮನೆ ಬದಲಾಯಿಸಿದರೂ ಸ್ವಂತ ಹೆಸರು ಉಳಿಯುತ್ತದೆ. ಸೈಟಿಸಸ್ ಲ್ಯಾಟಿನ್ನಿನಲ್ಲಿ ಪುಲ್ಲಿಂಗ, ಅದಕ್ಕೆ ಪಿನ್ನಾಟಸ್. ಪೊಂಗಾಮಿಯಾ ಸ್ತ್ರೀಲಿಂಗ, ಅದಕ್ಕೆ ಪಿನ್ನಾಟಾ. ಅರಳಿ ಮಾತ್ರ ಫೈಕಸ್ ಆದರೂ ರಿಲಿಜಿಯೋಸಾ, ಯಾಕೆಂದರೆ ಆ ಭಾಷೆಯಲ್ಲಿ ಮರಗಳೆಲ್ಲ ಸಾಮಾನ್ಯವಾಗಿ ಹೆಣ್ಣು. ನಮಗೆ ಮರ 'ಅದು' ಅಷ್ಟೇ, ಪುಣ್ಯ.

ಲಂಡನ್ನಿನ ಕ್ಯೂ ಸಸ್ಯೋದ್ಯಾನದವರ ಜಾಗತಿಕ ಪಟ್ಟಿ ಈಗ ಪೊಂಗಾಮಿಯಾ ಪಿನ್ನಾಟಾ ಎಂಬುದನ್ನೇ ಒಪ್ಪಿದೆ. ನಾನೂ ಅದನ್ನೇ ಬರೆಯುತ್ತೇನೆ. ಮಿಲೆಟ್ಟಿಯಾ ಅಂತ ಬರೆದವರು ತಪ್ಪು ಮಾಡಿದ್ದಾರೆ ಅಂತಲ್ಲ, ಅವರು ಬೇರೆ ಗುಂಪು ಒಪ್ಪಿದ್ದಾರೆ. ಲೇಖನ ಬರೆಯುವಾಗ ಹಳೆಯ ಹೆಸರನ್ನೂ ಒಮ್ಮೆ ಹೇಳಿಬಿಡಿ, ಹುಡುಕುವವರಿಗೆ ಸಿಗುತ್ತದೆ.

ತೇಗ, ತುಳಸಿ ಒಂದೇ ಕುಟುಂಬ ಅಂತ ಎಲ್ಲೋ ಓದಿದೆ. ತಮಾಷೆಗೆ ಬರೆದಿದ್ದಾ?

ನಿಜವೇ. ಗಾತ್ರ ಮರೆತು ಎಳೆ ಕೊಂಬೆ ಮುಟ್ಟಿ ನೋಡಿ. ಎರಡರಲ್ಲೂ ಕಾಂಡ ಚೌಕ, ಎಲೆಗಳು ಎದುರುಬದುರು. ದೊಡ್ಡಪತ್ರೆಯದೂ ಹಾಗೇ. ಮೊದಲು ತೇಗವನ್ನೂ ಲಕ್ಕಿ ಗಿಡವನ್ನೂ ಲಂಟಾನದ ಕುಟುಂಬದಲ್ಲಿ ಇಟ್ಟಿದ್ದರು. ಡಿಎನ್‌ಎ ನೋಡಿದ ಮೇಲೆ ಎರಡನ್ನೂ ತುಳಸಿಯ ಲ್ಯಾಮಿಯೇಸಿಗೆ ತಂದರು. ಚೌಕ ಕಾಂಡ ಇದ್ದದ್ದೆಲ್ಲ ತುಳಸಿಯ ನೆಂಟ ಅಂದುಕೊಳ್ಳಬೇಡಿ, ಲಂಟಾನದ್ದೂ ಚೌಕವೇ. ಒಂದೇ ಲಕ್ಷಣ ಹಿಡಿದು ನೆಂಟಸ್ತನ ಕಟ್ಟಿದರೆ ಮೋಸ ಹೋಗುತ್ತೇವೆ.

ಕುಟುಂಬದ ಹೆಸರು 'ಏಸಿ' ಅಂತ ಮುಗಿಯುತ್ತದೆ. ಅವರೆ, ತೊಗರಿ, ಹೊಂಗೆ, ಹುಣಸೆ, ಗುಲ್‌ಮೊಹರ್ ಎಲ್ಲ ಫೇಬೇಸಿ. ಹೊಸಬರು ಪ್ರಭೇದಕ್ಕೆ ತಲೆ ಕೆಡಿಸಿಕೊಳ್ಳದೆ ಹತ್ತು ಕುಟುಂಬ ಕಲಿತರೆ ಸಾಕು, ರಸ್ತೆ ಬದಿಯ ಅರ್ಧ ಗಿಡಗಳ ಮನೆತನ ಗೊತ್ತಾಗುತ್ತದೆ.

ನಂಜನಗೂಡು ರಸಬಾಳೆಗೂ ಪಚ್ಚಬಾಳೆಗೂ ಬೇರೆ ಬೇರೆ ವೈಜ್ಞಾನಿಕ ಹೆಸರಾ?

ಅಲ್ಲ. ಇವು ತಳಿಗಳು, ಪ್ರಭೇದಗಳಲ್ಲ. ಮನುಷ್ಯ ಆರಿಸಿ, ಕಂದು ನೆಟ್ಟು ಉಳಿಸಿಕೊಂಡವು. ತಳಿಯ ಹೆಸರಿಗೆ ಬೇರೆಯೇ ನಿಯಮಾವಳಿ ಇದೆ. ಪ್ರಭೇದದ ಹೆಸರಿನ ಮುಂದೆ ಒಂಟಿ ಉದ್ಧರಣ ಚಿಹ್ನೆಯೊಳಗೆ ಬರೆಯಬೇಕು: ಮ್ಯಾಂಜಿಫೆರಾ ಇಂಡಿಕಾ 'ರಸಪುರಿ'. ಆಪೂಸನ್ನೇ ನಾವು ಬಾದಾಮಿ ಅಂತೀವಿ, ಹಾಗಾಗಿ ತಳಿಯಲ್ಲೂ ಊರಿಗೊಂದು ಹೆಸರಿನ ಗೋಳು ತಪ್ಪಿದ್ದಲ್ಲ.

ಬಾಳೆಯದು ಸ್ವಲ್ಪ ವಿಚಿತ್ರ. ನಾವು ತಿನ್ನುವ ಬಾಳೆಗಳ ಹಿಂದೆ ಮುಖ್ಯವಾಗಿ ಎರಡು ಕಾಡುಬಾಳೆಗಳಿವೆ, ಮ್ಯೂಸಾ ಅಕ್ಯುಮಿನಾಟಾ ಮತ್ತು ಮ್ಯೂಸಾ ಬಾಲ್ಬಿಸಿಯಾನಾ. ಮೊದಲನೆಯದರ ಪಾಲಿಗೆ ಎ, ಎರಡನೆಯದರ ಪಾಲಿಗೆ ಬಿ ಅಂತ ಗುರುತು. ಪಚ್ಚಬಾಳೆ ಎಎಎ, ರಸಬಾಳೆ ಎಎಬಿ, ಏಲಕ್ಕಿಬಾಳೆ ಎಬಿ. ಲಿನೇಯಸ್ ಇಟ್ಟ ಮ್ಯೂಸಾ ಪ್ಯಾರಡಿಸಿಯಾಕಾ ಎಂಬ ಹೆಸರು ಈಗ ಮಿಶ್ರತಳಿಗೆ ಉಳಿದಿದೆ, ನಡುವೆ ಗುಣಾಕಾರ ಚಿಹ್ನೆ ಹಾಕಿ ಬರೆಯುತ್ತಾರೆ.

## ಆಳಕ್ಕೆ ಇಳಿದವರಿಗೆ

ತಾವರೆಗೆ ನೈದಿಲೆ ನೆಂಟನಲ್ಲವಂತೆ, ಕಾಫಿ ತೋಟದ ಸಿಲ್ವರ್ ಓಕ್ ನೆಂಟನಂತೆ! ನಂಬೋ ಮಾತಾ ಇದು?

ನನಗೂ ಮೊದಲ ಸಲ ಓದಿದಾಗ ನಗು ಬಂದಿತ್ತು. ಲಿನೇಯಸ್ ತಾವರೆಯನ್ನು ನೈದಿಲೆಯ ಕುಲದಲ್ಲೇ ಇಟ್ಟು ನಿಂಫಿಯಾ ನೆಲುಂಬೊ ಅಂದಿದ್ದ. ಕೆರೆ ಒಂದೇ, ಎಲೆ ಅಗಲ, ಹೂವು ದೊಡ್ಡದು, ಇನ್ನೇನು ಬೇಕು?

ಆದರೆ ನೀರಿನಲ್ಲಿ ಬಾಳಬೇಕಾದ ಗಿಡಗಳು ನೀರಿಗೆ ತಕ್ಕ ರೂಪ ಪಡೆಯುತ್ತವೆ. ಮೀನೂ ತಿಮಿಂಗಿಲವೂ ಒಂದೇ ಆಕಾರ ಆದ ಹಾಗೆ. ಸೂಕ್ಷ್ಮದರ್ಶಕದಲ್ಲಿ ಪರಾಗ ನೋಡಿದರೆ ಸುಳಿವು ಸಿಗುತ್ತದೆ. ತಾವರೆಯ ಪರಾಗಕ್ಕೆ ಮೂರು ಸೀಳು. ನೈದಿಲೆಯದಕ್ಕೆ ಅಂಥ ಮೂರು ಸೀಳಿಲ್ಲ. 1990ರ ದಶಕದಲ್ಲಿ ಡಿಎನ್‌ಎ ಹೋಲಿಸಿದಾಗ ಅನುಮಾನ ಉಳಿಯಲಿಲ್ಲ. ನೈದಿಲೆಯ ವಂಶ ಹೂಗಿಡಗಳ ಮರದಲ್ಲಿ ತೀರಾ ಬುಡದಲ್ಲೇ ಕವಲೊಡೆದಿದೆ. ತಾವರೆ ಇರುವುದು ಪ್ರೋಟಿಯೇಲಿಸ್ ಗಣದಲ್ಲಿ. ಕೊಡಗು, ಚಿಕ್ಕಮಗಳೂರಿನಲ್ಲಿ ಮೆಣಸಿನ ಬಳ್ಳಿ ಹಬ್ಬಿಸುವ ಸಿಲ್ವರ್ ಓಕ್, ಅಂದರೆ ಗ್ರೆವಿಲಿಯಾ ರೊಬಸ್ಟಾ, ಅದೇ ಗಣದ್ದು. ಹತ್ತಿರದ ನೆಂಟಸ್ತನ ಅಲ್ಲ, ಬಹಳ ಹಿಂದಿನ ಅಜ್ಜ ಒಬ್ಬನೇ ಅಷ್ಟೇ.

ಒಂದೇ ಅಜ್ಜನಿಂದ ಬಂದವರೆಲ್ಲ ಒಂದೇ ಗುಂಪಿನಲ್ಲಿರಬೇಕು, ಯಾರನ್ನೂ ಬಿಡಬಾರದು ಅನ್ನುವುದು ಈಗಿನ ಸೂತ್ರ. 1998ರಿಂದ ಆಂಜಿಯೋಸ್ಪರ್ಮ್ ಫೈಲೋಜೆನಿ ಗ್ರೂಪ್ ಎಂಬ ಸಸ್ಯವಿಜ್ಞಾನಿಗಳ ತಂಡ ಹೂಗಿಡಗಳ ಕುಟುಂಬಗಳನ್ನು ಹೀಗೆ ಜೋಡಿಸುತ್ತಿದೆ. ನಾಲ್ಕನೇ ಆವೃತ್ತಿ 2016ರಲ್ಲಿ ಬಂತು. ಎಕ್ಕದ ಹಳೆಯ ಕುಟುಂಬ ಕಣಗಿಲೆಯ ಕುಟುಂಬದೊಳಗೆ ಸೇರಿಹೋದದ್ದೂ ಇದೇ ಸೂತ್ರದಿಂದ.

'ಟೈಪ್' ಅಂದರೇನು? ಮಾದರಿ ಗಿಡ ಅಂತಾನಾ?

ಮಾದರಿ ಅಂದರೆ 'ಎಲ್ಲಕ್ಕಿಂತ ಚೆನ್ನಾಗಿರುವುದು' ಅನ್ನಿಸುತ್ತದೆ, ಅದಲ್ಲ. ಟೈಪ್ ಅಂದರೆ ಹೆಸರನ್ನು ಕಟ್ಟಿಹಾಕಿದ ಗೂಟ. ಒಂದು ಒಣಗಿಸಿದ ಕೊಂಬೆ, ಕಾಗದಕ್ಕೆ ಅಂಟಿಸಿದ್ದು, ಯಾವುದೋ ಹರ್ಬೇರಿಯಮ್ಮಿನ, ಅಂದರೆ ಒಣಗಿಸಿದ ಗಿಡಗಳ ಸಂಗ್ರಹಾಲಯದ, ಕಪಾಟಿನಲ್ಲಿ ಇರುತ್ತದೆ. ಹುಳು ತಿಂದಿರಬಹುದು, ಹೂವು ಉದುರಿರಬಹುದು. ಆದರೂ ಆ ಹೆಸರು ಸೇರಿದ್ದು ಅದಕ್ಕೇ. ಒಂದು ಪ್ರಭೇದವನ್ನು ನಾಳೆ ಎರಡು ಮಾಡಿದರೆ, ಗೂಟ ಯಾವ ಪಾಲಿಗೆ ಬಿತ್ತೋ ಹಳೆಯ ಹೆಸರು ಆ ಪಾಲಿಗೆ.

ಲಿನೇಯಸ್‌ನ ಸಂಗ್ರಹವನ್ನು ಅವನ ಹೆಂಡತಿ 1784ರಲ್ಲಿ ಇಂಗ್ಲೆಂಡಿನ ಜೇಮ್ಸ್ ಎಡ್ವರ್ಡ್ ಸ್ಮಿತ್‌ಗೆ ಮಾರಿದಳು. ಈಗ ಅದು ಲಂಡನ್ನಿನ ಲಿನಿಯನ್ ಸೊಸೈಟಿಯಲ್ಲಿದೆ. ಮಲಬಾರಿನ ಕೆಲವು ಗಿಡಗಳಿಗೆ ಒಣಗಿಸಿದ ಕೊಂಬೆ ಇಲ್ಲ. ಅಲ್ಲಿ ವಾನ್ ರೀಡ್‌ನ ಪುಸ್ತಕದ ಚಿತ್ರವೇ ಗೂಟ. 1958ರಿಂದ ಈಚೆಗೆ ಹೊಸ ಹೆಸರು ಕೊಡುವವರು ಟೈಪ್ ಯಾವುದು ಅಂತ ಹೇಳಲೇಬೇಕು.

ಜಾಲಿಯ ಹೆಸರನ್ನ ಆಸ್ಟ್ರೇಲಿಯಾದವರು ಹೊಡ್ಕೊಂಡ್ರಂತೆ?

ಹೊಡೆದುಕೊಂಡರು ಅನ್ನುವುದು ಖಾರದ ಮಾತು. ಆದರೆ ಜಗಳ ಆಗಿದ್ದು ನಿಜ, ಮೇಲಿನ ಗೂಟದ ಮೇಲೇ.

ಅಕೇಶಿಯಾ ಎಂಬ ಪದ ಗ್ರೀಕರು ಈಜಿಪ್ಟಿನ ಮುಳ್ಳುಮರಕ್ಕೆ ಬಳಸಿದ್ದು. ಆ ಕುಲದ ಟೈಪ್ ಅಕೇಶಿಯಾ ನೈಲೋಟಿಕಾ, ನಮ್ಮ ಕರಿಜಾಲಿ. ಡಿಎನ್‌ಎ ನೋಡಿದಾಗ ಅದು ಒಂದು ಕುಲವಲ್ಲ, ಹಲವು ಅಂತ ಗೊತ್ತಾಯಿತು. ನಿಯಮದ ಪ್ರಕಾರ ಜಾಲಿಯ ಪಾಲಿಗೆ ಹೆಸರು ಉಳಿದು, ಆಸ್ಟ್ರೇಲಿಯಾದ ಸುಮಾರು ಸಾವಿರ ಪ್ರಭೇದಗಳು ಹೊಸ ಹೆಸರು ಪಡೆಯಬೇಕಿತ್ತು. ಅಷ್ಟು ಹೆಸರು ಬದಲಾಯಿಸುವ ಬದಲು ಗೂಟವನ್ನೇ ಕಿತ್ತು ಆಸ್ಟ್ರೇಲಿಯಾದ ಗಿಡಕ್ಕೆ ನೆಡೋಣ ಅಂತ ಪ್ರಸ್ತಾಪ ಬಂತು. 2005ರಲ್ಲಿ ವಿಯೆನ್ನಾದಲ್ಲಿ ಸೇರಿದ ಅಂತರರಾಷ್ಟ್ರೀಯ ಸಸ್ಯಶಾಸ್ತ್ರ ಸಮ್ಮೇಳನದ ಸಭೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮತ ವಿರುದ್ಧ ಬಿತ್ತು. ಆದರೂ ಪ್ರಸ್ತಾಪ ಪಾಸಾಯಿತು, ಯಾಕೆಂದರೆ ಪ್ರಸ್ತಾಪವನ್ನು ಮೊದಲೇ ಒಪ್ಪಿದ್ದ ಸಮಿತಿಯ ಶಿಫಾರಸು ತಳ್ಳಿಹಾಕಲು 60% ಬೇಕಿತ್ತು. ತಮ್ಮ ಮುಳ್ಳುಮರಗಳ ಹೆಸರು ಕಳೆದುಕೊಂಡ ಆಫ್ರಿಕಾದವರ ಸಿಟ್ಟು ಇಳಿಯಲಿಲ್ಲ. 2011ರಲ್ಲಿ ಮೆಲ್ಬರ್ನ್ ಸಭೆ ಅದನ್ನೇ ಎತ್ತಿಹಿಡಿಯಿತು.

ಈಗ ಕರಿಜಾಲಿ ವ್ಯಾಚೆಲಿಯಾ ನೈಲೋಟಿಕಾ. ಸೀಗೆ ಸೆನೆಗಾಲಿಯಾ ಕುಲಕ್ಕೆ ಹೋಯಿತು. ಮಲೆನಾಡಿನವರು ಗುಡ್ಡ ಹಾಳಾಯಿತು ಅಂತ ಬೈಯುವ ಆಸ್ಟ್ರೇಲಿಯಾ ಕಡೆಯ 'ಅಕೇಶಿಯಾ' ಇದೆಯಲ್ಲ, ಅಕೇಶಿಯಾ ಆರಿಕ್ಯುಲಿಫಾರ್ಮಿಸ್, ಅದು ಮಾತ್ರ ಹೆಸರು ಉಳಿಸಿಕೊಂಡಿತು. ಮುಳ್ಳಿಲ್ಲದ ಮರಕ್ಕೆ ಮುಳ್ಳಿನ ಹೆಸರು. ನನ್ನ ಮಟ್ಟಿಗೆ ಆ ತೀರ್ಮಾನ ಅನುಕೂಲದ್ದು, ನ್ಯಾಯದ್ದಲ್ಲ.

ಪ್ರಾಣಿಗೂ ಗಿಡಕ್ಕೂ ಒಂದೇ ಹೆಸರು ಬಂದರೆ?

ಬರಬಹುದು, ನಿಯಮಾವಳಿ ಬೇರೆ ಬೇರೆ. ಮೋರಸ್ ಅಂದರೆ ರೇಷ್ಮೆ ಹುಳು ತಿನ್ನುವ ಹಿಪ್ಪುನೇರಳೆ, ಗ್ಯಾನೆಟ್ ಎಂಬ ಕಡಲಹಕ್ಕಿಯ ಕುಲವೂ ಹೌದು. ಇನ್ನೊಂದು ವ್ಯತ್ಯಾಸ: ನಾಗರಹಾವು ನಾಜಾ ನಾಜಾ ಆಗಬಹುದು, ಗಿಡಕ್ಕೆ ಹಾಗೆ ಒಂದೇ ಪದ ಎರಡು ಸಲ ಇಡುವಂತಿಲ್ಲ.

ಹೆಸರು ಅವಮಾನ ಮಾಡುವಂತಿದ್ದರೂ ಬದಲಾಯಿಸಲ್ವಾ?

2024ರವರೆಗೆ ಉತ್ತರ 'ಇಲ್ಲ' ಎಂದೇ ಇತ್ತು. ಆ ವರ್ಷ ಮ್ಯಾಡ್ರಿಡ್‌ನಲ್ಲಿ ಸೇರಿದ ಸಸ್ಯಶಾಸ್ತ್ರ ಸಮ್ಮೇಳನ ಒಂದು ಪದಕ್ಕೆ ರಿಯಾಯಿತಿ ಕೊಟ್ಟಿತು. ದಕ್ಷಿಣ ಆಫ್ರಿಕಾದಲ್ಲಿ ಕರಿಯ ಜನರನ್ನು ಬೈಯಲು ಬಳಸುತ್ತಿದ್ದ ಪದದಿಂದ ಬಂದ 'ಕಾಫ್ರಾ', ಇನ್ನೂರಕ್ಕೂ ಹೆಚ್ಚು ಹೆಸರುಗಳಲ್ಲಿತ್ತು. ಅದರ ಒಂದಕ್ಷರ 'ಕ' ತೆಗೆದರು. ಕಾಫಿ ತೋಟದ ಹಾಲುವಾಣದ ನೆಂಟ ಎರಿತ್ರಿನಾ ಕಾಫ್ರಾ ಈಗ ಎರಿತ್ರಿನಾ ಆಫ್ರಾ, ಅಂದರೆ ಆಫ್ರಿಕಾದ್ದು. ಅಕ್ಷರ ಒಂದು ಹೋಯಿತು, ಹೆಸರು ಹುಡುಕುವವರಿಗೆ ತೊಂದರೆಯೂ ಆಗಲಿಲ್ಲ. ಒಳ್ಳೆ ಜಾಣತನ ಅನ್ನಿಸಿತು ನನಗೆ.

ನಮ್ಮ ತೋಟದ ಹಿಂದಿನ ಕಾಡಲ್ಲಿ ಯಾರೂ ನೋಡದ ಗಿಡ ಇದೆ. ನನ್ನ ಹೆಸರು ಇಡಬಹುದಾ?

ಸ್ವಂತ ಹೆಸರಿಡಬಾರದು ಅಂತ ನಿಯಮ ಇಲ್ಲ, ಆದರೆ ಯಾರೂ ಇಟ್ಟುಕೊಳ್ಳುವುದಿಲ್ಲ, ನಾಚಿಕೆ. ಬೇರೆಯವರ ಹೆಸರು ಇಡುತ್ತಾರೆ. ಗುಗ್ಗುಳ ಕೊಮಿಫೊರಾ ವೈಟಿಯೈ, ದಕ್ಷಿಣ ಭಾರತದ ಗಿಡಗಳನ್ನು ಅಭ್ಯಾಸ ಮಾಡಿದ ರಾಬರ್ಟ್ ವೈಟ್ ನೆನಪಿಗೆ. ಊರಿನ ಹೆಸರಿಟ್ಟರೆ ಇನ್ನೂ ಚೆಂದ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಲ್ಲಿ, ರಾಮಪತ್ರೆ ಮರಗಳ ಜೌಗು ನೆಲದಲ್ಲಿ ಗೇರಿನ ಕುಟುಂಬದ ಒಂದು ಮರ ಸಿಕ್ಕಿತು. ದಾಸಪ್ಪ ಮತ್ತು ಸ್ವಾಮಿನಾಥ್ 2000ದಲ್ಲಿ ಅದಕ್ಕೆ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಅಂತ ಹೆಸರಿಟ್ಟರು. ಕತ್ತಲೆ, ಕಾನು, ಎರಡೂ ಅಚ್ಚಗನ್ನಡ ಪದಗಳು ಈಗ ಲ್ಯಾಟಿನ್ ಬಾಲ ಕಟ್ಟಿಕೊಂಡು ಜಗತ್ತಿನ ಪಟ್ಟಿಯಲ್ಲಿವೆ.

ಕೆಲಸ ಮಾತ್ರ ಉದ್ದದ್ದು. ಗಿಡ ನಿಜಕ್ಕೂ ಹೊಸದೇ ಅಂತ ಹಳೆಯ ಹಾಳೆಗಳ ಜೊತೆ ಹೋಲಿಸಬೇಕು. ಹತ್ತರಲ್ಲಿ ಒಂಬತ್ತು ಸಲ ಯಾರೋ ನೂರು ವರ್ಷದ ಹಿಂದೆಯೇ ಹೆಸರಿಟ್ಟಿರುತ್ತಾರೆ. ಹೊಸದಾಗಿದ್ದರೆ ವಿವರಣೆ ಬರೆದು ಪ್ರಕಟಿಸಬೇಕು. 1935ರಿಂದ 2011ರ ಕೊನೆಯವರೆಗೆ ಆ ವಿವರಣೆ ಲ್ಯಾಟಿನ್ನಿನಲ್ಲೇ ಇರಬೇಕಿತ್ತು, ಈಗ ಇಂಗ್ಲಿಷೂ ಆಗುತ್ತದೆ. ಕನ್ನಡ ಆಗುವುದಿಲ್ಲ.

ನೀವು ಮಾಡಬಹುದಾದ್ದು ಇಷ್ಟು. ಅರಣ್ಯ ಇಲಾಖೆಯ ಜಾಗವಾದರೆ ಮೊದಲು ಅನುಮತಿ ಪಡೆಯಿರಿ. ಹೂವು ಅಥವಾ ಕಾಯಿ ಇರುವ ಒಂದು ಗೇಣು ಕೊಂಬೆ ಸಾಕು, ಗಿಡ ಕೀಳಬೇಡಿ. ಹಳೆಯ ಪೇಪರ್ ಮಡಿಕೆಯಲ್ಲಿ ಇಟ್ಟು ಮೇಲೆ ಭಾರ ಹೇರಿ, ದಿನಾ ಪೇಪರ್ ಬದಲಾಯಿಸಿ. ಮಳೆಗಾಲದಲ್ಲಿ ಬೂಸ್ಟು ಬರುತ್ತದೆ, ಒಲೆಯ ಮೇಲಿನ ಅಟ್ಟ ಒಳ್ಳೆ ಜಾಗ. ಒಣಗಿದ ಮೇಲೆ ಕಾಣದ ವಿಷಯಗಳನ್ನು ಚೀಟಿಯಲ್ಲಿ ಬರೆಯಿರಿ: ಹೂವಿನ ಬಣ್ಣ, ವಾಸನೆ, ಹಾಲು ಬರುತ್ತದಾ, ಮರದ ಎತ್ತರ, ಜಾಗ, ತಾರೀಕು, ಊರಿನವರು ಏನಂತ ಕರೆಯುತ್ತಾರೆ. ಆಮೇಲೆ ಹತ್ತಿರದ ಕಾಲೇಜಿನ ಸಸ್ಯಶಾಸ್ತ್ರ ವಿಭಾಗಕ್ಕೋ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಹರ್ಬೇರಿಯಮ್ಮಿಗೋ ತೋರಿಸಿ. ಫೋಟೊ ಮಾತ್ರ ಕಳಿಸಿ 'ಇದೇನು ಹೇಳಿ' ಅಂದರೆ ನನ್ನಿಂದ ಬರುವ ಉತ್ತರ ಒಂದೇ: ಹೂವು ಬಿಟ್ಟಾಗ ತನ್ನಿ.